ಬಲಿಪೀಠದ ಬಟ್ಟೆಗಳ ಸರದಿ

ನಾನು ಬೆಳೆದದ್ದು ಸಿಸ್ಟರುಗಳು ನಡೆಸುತ್ತಿದ್ದ ಬೋರ್ಡಿಂಗಿನಲ್ಲಿ. ಬೆಳಿಗ್ಗೆ ಐದಕ್ಕೆ ಒಂದು ಗಂಟೆ ಬಡಿಯುತ್ತಿತ್ತು, ಐದೂಕಾಲಿಗೆ ಇನ್ನೊಂದು, ಐದೂವರೆಗೆ ಪೂಜೆ. ಹಾಸಿಗೆಯ ಚಾದರದ ಮೂಲೆ ಮಡಚುವುದಕ್ಕೂ ಒಂದು ಕ್ರಮವಿತ್ತು. ತಪ್ಪಿದರೆ ಬಿಚ್ಚಿ ಮತ್ತೆ ಹಾಸಬೇಕು. ಅದು ನನಗೆ ಕಷ್ಟವೆನಿಸಲಿಲ್ಲ. ತಾಯಿಯಿಲ್ಲದ ಹುಡುಗಿಗೆ ಮುಂದಿನ ಗಂಟೆ ಯಾವುದೆಂದು ಗೊತ್ತಿರುವುದು ದೊಡ್ಡ ಧೈರ್ಯ. ಆಮೇಲೆ ಮೇಷ್ಟರ ಕೆಲಸ, ಕೊನೆಗೆ ಮುಖ್ಯೋಪಾಧ್ಯಾಯಿನಿ. ಅಲ್ಲಿಯೂ ಗಂಟೆಯೇ. ನಿವೃತ್ತಳಾದ ಮೇಲೆ ಮೊದಲ ಬಾರಿಗೆ ಗಂಟೆಯಿಲ್ಲದ ದಿನಗಳು ಬಂದವು. ಅವು ನನಗೆ ಒಗ್ಗಲಿಲ್ಲ.

ಆದ್ದರಿಂದ ನಮ್ಮ ಚರ್ಚಿಗೆ ಹೊಸದಾಗಿ ಬಂದ ಫಾದರ್ ಒಂದು ಭಾನುವಾರ ನನ್ನನ್ನು ಕರೆದು, "ಟೀಚರ್, ನಮ್ಮಲ್ಲಿ ಸೇವೆ ಮಾಡುವವರಿಗೆ ಕೊರತೆಯಿಲ್ಲ. ಕ್ರಮಕ್ಕೆ ಕೊರತೆ. ನೀವು ಸ್ವಲ್ಪ ನೋಡಿಕೊಳ್ಳುತ್ತೀರಾ?" ಎಂದಾಗ ನಾನು ಯೋಚಿಸಲು ಸಮಯ ಕೇಳಲಿಲ್ಲ.

ನಮ್ಮದು ಸಣ್ಣ ಧರ್ಮಕೇಂದ್ರ. ಅರವತ್ತು ಚಿಲ್ಲರೆ ಕುಟುಂಬಗಳು. ಮೈಸೂರಿನ ದೊಡ್ಡ ಚರ್ಚುಗಳನ್ನು ನೋಡಲು ಬರುವವರಿಗೆ ನಮ್ಮದು ಇದೆಯೆಂದೇ ತಿಳಿಯದು. ಅಷ್ಟು ಚಿಕ್ಕ ಜಾಗದಲ್ಲೂ ಎಷ್ಟೊಂದು ಕೆಲಸಗಳು! ಪೂಜೆಯಲ್ಲಿ ವಾಚನ ಓದುವವರು, ಹಾಡುವವರು, ಹೂವಿಡುವವರು, ಗುಡಿಸುವವರು, ಹಾಸಿಗೆ ಹಿಡಿದವರನ್ನು ನೋಡಿ ಬರುವವರು, ಸತ್ತವರ ಮನೆಗೆ ಹೋಗಿ ಜಪಸರ ನಡೆಸುವವರು, ಗೇಟಿನ ಹತ್ತಿರ ಸ್ಕೂಟರ್ ಸಾಲಾಗಿ ನಿಲ್ಲಿಸುವವರು. ನಾನು ಬಂದಾಗ ಇವೆಲ್ಲ ಯಾರಿಗೆ ಮನಸ್ಸು ಬಂತೋ ಅವರು ಮಾಡುವಂತಿದ್ದವು. ಒಂದೇ ವಾಚನಕ್ಕೆ ಇಬ್ಬರು ಎದ್ದು ಬರುತ್ತಿದ್ದರು; ಇನ್ನೊಂದಕ್ಕೆ ಯಾರೂ ಏಳುತ್ತಿರಲಿಲ್ಲ. ಮೂರು ತಿಂಗಳಲ್ಲಿ ಎಲ್ಲಕ್ಕೂ ಪಟ್ಟಿ ಮಾಡಿದೆ. ಪ್ರಿಂಟ್ ಹಾಕಿಸಿ ಬಾಗಿಲ ಪಕ್ಕದ ಬೋರ್ಡಿಗೆ ಪಿನ್ ಹೊಡೆದೆ, ವಾಟ್ಸಾಪ್ ಗುಂಪಿಗೂ ಹಾಕಿದೆ. ಜನ ಹೊಗಳಿದರು. ನಾನು ಹೊಗಳಿಕೆಗೆ ಸೋಲುವವಳಲ್ಲ ಎಂದು ಅಂದುಕೊಂಡಿದ್ದೆ.

ಪಟ್ಟಿಗೆ ಸಿಗದ ಕೆಲಸ ಒಂದೇ ಉಳಿದಿತ್ತು. ಬಲಿಪೀಠದ ಬಟ್ಟೆಗಳು.

ಅವುಗಳ ಬಗ್ಗೆ ಸ್ವಲ್ಪ ಹೇಳಬೇಕು. ಬಲಿಪೀಠಕ್ಕೆ ಹೊದಿಸುವ ದೊಡ್ಡ ಬಟ್ಟೆಗಳಲ್ಲದೆ, ಪೂಜೆಯಲ್ಲಿ ದ್ರಾಕ್ಷಾರಸದ ಪಾತ್ರೆಯ ಕೆಳಗೆ ಒಂದು ಚೌಕದ ಬಿಳಿ ಬಟ್ಟೆ ಹಾಸುತ್ತಾರೆ. ಪಾತ್ರೆಯನ್ನು ಒರೆಸಲು ಇನ್ನೊಂದು ಉದ್ದನೆಯ ಸಣ್ಣ ಬಟ್ಟೆ. ಪರಮಪ್ರಸಾದದ, ಎಂದರೆ ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯ ಪುಡಿಯೋ ದ್ರಾಕ್ಷಾರಸದ ಹನಿಯೋ ಈ ಚಿಕ್ಕ ಬಟ್ಟೆಗಳ ಮೇಲೆ ಬಿದ್ದಿರಬಹುದು. ಆದ್ದರಿಂದ ಇವನ್ನು ಮನೆಯ ಬಟ್ಟೆಯ ಹಾಗೆ ಒಗೆಯುವಂತಿಲ್ಲ. ಮೊದಲು ಬೇರೆಯೇ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಅದ್ದಬೇಕು. ಆ ಮೊದಲ ನೀರು ಮೋರಿಗೆ ಹೋಗಬಾರದು. ಯಾರೂ ತುಳಿಯದ ಮಣ್ಣಿಗೆ ಹೊಯ್ಯಬೇಕು. ಆಮೇಲೆ ಸೋಪು. ಚೌಕದ ಬಟ್ಟೆಯನ್ನು ಒಳಮುಖವಾಗಿ ಒಂಬತ್ತು ಮನೆ ಬರುವಂತೆ ಮಡಚಬೇಕು. ಉದ್ದನೆಯದನ್ನು ಮೂರು ಪದರ. ಉದ್ದನೆಯದಕ್ಕೆ ಗಂಜಿ ಹಾಕಬಾರದು, ನೀರು ಹೀರುವುದಿಲ್ಲ.

ಇದನ್ನೆಲ್ಲ ಮೂವತ್ತು ವರ್ಷಗಳಿಂದ ಒಬ್ಬರೇ ಮಾಡುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಎಲ್ಲರ ಹಾಗೆ ನಾನೂ ಅಕ್ಕ ಎನ್ನುತ್ತಿದ್ದೆ. ಮದುವೆಯಾಗಲಿಲ್ಲ. ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತರಾಗಿ ರಾಜೀವನಗರದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಬಲಿಪೀಠದ ಹಿಂದಿನ ಕೋಣೆಯ ಬೀರು ತೆಗೆದು, ಮೈಲಿಗೆ ಬಟ್ಟೆ ಒಯ್ದು, ಒಗೆದದ್ದನ್ನು ಇಟ್ಟು ಹೋಗುತ್ತಿದ್ದರು. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಯಾರಿಗೂ ಹೇಳುತ್ತಿರಲಿಲ್ಲ. ಬೀರುವಿನ ಬೀಗದ ಕೈ ಅವರ ಜಪಸರದ ಜೊತೆಗೇ ಪೋಣಿಸಿ ಸೊಂಟದಲ್ಲಿರುತ್ತಿತ್ತು.

ಆ ಬೀಗದ ಕೈಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ಹೇಳಿಬಿಡುತ್ತೇನೆ. ಸೇವೆಗಳ ಜವಾಬ್ದಾರಿ ನನ್ನದು, ನನ್ನ ಬಳಿ ಇಲ್ಲದ ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿ. ಒಮ್ಮೆ ನಾನು ಬೀರುವಿನ ಮುಂದೆ ಕಾಯುತ್ತ ನಿಂತಿದ್ದಾಗ ಅವರು ಬಂದು ನಗುತ್ತ, "ಯಾಕ್ ಟೀಚರಮ್ಮ, ಕ್ಲಾಸಿಂದ ಆಚೆ ನಿಲ್ಸವ್ರಾ?" ಅಂದಿದ್ದರು. ತಮಾಷೆಯೇ. ನಾನು ಮರೆಯಲಿಲ್ಲ.

ಚರ್ಚಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ನಾನೇ ವಿಷಯ ಎತ್ತಿದೆ. ಈ ಪುಣ್ಯದ ಕೆಲಸ ಒಬ್ಬರಿಗೇ ಏಕೆ, ಪ್ರತಿ ಕುಟುಂಬಕ್ಕೂ ವಾರಕ್ಕೊಂದರಂತೆ ಸರದಿ ಬರಲಿ ಎಂದೆ. ಅಕ್ಕನಿಗೂ ವಯಸ್ಸಾಯಿತು, ವಿಶ್ರಾಂತಿ ಬೇಕು ಎಂದೆ. ಎಲ್ಲರೂ ತಲೆಯಾಡಿಸಿದರು. ಅಕ್ಕ ಪರಿಷತ್ತಿನಲ್ಲಿರಲಿಲ್ಲ, ಅವರನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ವರ್ಷದ ನಮ್ಮ ಚರ್ಚಿನ ಹಬ್ಬದ ದಿನ ಪೂಜೆ ಮುಗಿದ ಮೇಲೆ ಅವರನ್ನು ಮುಂದೆ ಕರೆದು ಶಾಲು ಹೊದಿಸಿದೆವು. ಫಾದರ್ ಎರಡು ಮಾತಾಡಿದರು, ಫೋಟೋ ಆಯಿತು, ಚಪ್ಪಾಳೆ ಆಯಿತು. ಅಕ್ಕನಿಗೆ ಇದು ಏಕೆಂದು ತಿಳಿದದ್ದು ಮೈಕಿನಲ್ಲಿ ಕೇಳಿದಾಗಲೇ. ಹೊರಗೆ ನನ್ನ ಹಿಂದೆ ಬಂದರು. ಶಾಲು ಇನ್ನೂ ಹೆಗಲ ಮೇಲಿತ್ತು.

"ಟೀಚರಮ್ಮ, ದೊಡ್ಡ್ ಬಟ್ಟೆ ಎಲ್ಲ ಅವ್ರೇ ಒಗ್ಕಳ್ಳಿ. ಆ ಚಿಕ್ ಬಟ್ಟೆ ಮಾತ್ರ ನಂಗೆ ಬುಡಿ. ಮೊದುಲ್ ನೀರಿಂದು ಎಲ್ಲರ್ಗೂ ಗೊತ್ತಾಗಕಿಲ್ಲ."

"ಎಲ್ಲಾ ಬರೆದು ಕೊಡ್ತೀನಿ ಅಕ್ಕ. ಒಬ್ಬರಿಗೆ ಒಂದು ರೂಲು, ಇನ್ನೊಬ್ಬರಿಗೆ ಒಂದು ಅಂತ ಮಾಡೋಕಾಗಲ್ಲ. ಎಲ್ಲರಿಗೂ ಒಂದೇ."

"ಎಲ್ಲರ್ಗೂ ಒಂದೇನಾ?"

"ಒಂದೇ. ಸರದಿ ಬಂದಾಗ ಎಲ್ಲರೂ ಮಾಡ್ತಾರೆ."

ಅವರು ಸೊಂಟದಿಂದ ಜಪಸರ ತೆಗೆದು, ಹಲ್ಲಿನಿಂದ ದಾರ ಸಡಿಲಿಸಿ, ಬೀಗದ ಕೈ ಬಿಡಿಸಿ ನನ್ನ ಅಂಗೈಗೆ ಹಾಕಿದರು. "ಸರಿ ಬುಡಿ. ಸರದಿ ಬರ್ಲಿ," ಅಂದರು. ಬೀಗದ ಕೈ ಬೆಚ್ಚಗಿತ್ತು. ನಾನು ಅದನ್ನು ನನ್ನ ಗೊಂಚಲಿಗೆ ಸೇರಿಸಿ ಚೀಟಿ ಅಂಟಿಸಿದೆ.

ಸೂಚನೆಗಳ ಹಾಳೆ ಒಂದೂವರೆ ಪುಟವಾಯಿತು. ಅದನ್ನು ಲ್ಯಾಮಿನೇಷನ್ ಮಾಡಿಸಿ ಬಟ್ಟೆ ಚೀಲದ ಜೊತೆಗೇ ಕಟ್ಟಿದೆ. ಚೀಲ ಮನೆಯಿಂದ ಮನೆಗೆ ಹೊರಟಿತು. ಮೊದಲ ವಾರಗಳು ಚೆನ್ನಾಗಿಯೇ ನಡೆದವು. ಚೀಲದ ಜೊತೆ ನಿಂತು ಫೋಟೋ ತೆಗೆದು ಗುಂಪಿಗೆ ಹಾಕಿದರು. ಆಮೇಲೆ ಫೋನುಗಳು ಶುರುವಾದವು. ಬೋಗಾದಿಯ ಹೊಸ ಬಡಾವಣೆಯಲ್ಲಿ ಬಾಡಿಗೆಗಿದ್ದ ಒಬ್ಬ ಹೆಂಗಸು ಕೇಳಿದಳು:

"ಟೀಚರ್, ನಮ್ದು ಮೂರನೇ ಫ್ಲೋರು. ಮಣ್ಣೆಲ್ಲಿಂದ ತರ್ಲಿ? ಮನಿ ಪ್ಲಾಂಟ್‌ಗೆ ಹಾಕಿದ್ರೆ ಆಗುತ್ತಾ?"

"ಮಣ್ಣಲ್ಲಿದೆಯಾ?"

"ಇಲ್ಲ ಟೀಚರ್, ಬಾಟಲ್‌ನಲ್ಲಿ. ನೀರಲ್ಲೇ ಬೆಳೆಯುತ್ತೆ."

ಚರ್ಚಿಗೆ ತಂದು ಹಿತ್ತಲಲ್ಲಿ ಹೊಯ್ಯಿರಿ ಎಂದೆ. ಅಕ್ಕ ಹಾಗೇ ಮಾಡುತ್ತಿದ್ದರು. ಆ ಮೊದಲ ನೀರನ್ನು ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಹಿತ್ತಲಿನ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದರು. ಆ ಹೆಂಗಸು ನೀರು ತಂದು ನನಗೆ ಮತ್ತೆ ಫೋನ್ ಮಾಡಿದಳು. ಹಿತ್ತಲಿನ ತುಂಬ ಸಿಮೆಂಟ್ ಬ್ಲಾಕ್ ಹಾಸಿತ್ತು. ಸ್ಕೂಟರ್ ನಿಲ್ಲಿಸಲು ಜಾಗ ಸಾಲದೆಂದು ನಾನೇ ಬರೆದುಕೊಟ್ಟ ಅರ್ಜಿಯ ಮೇಲೆ ಆ ವಾರವಷ್ಟೇ ಹಾಸಿದ್ದು. ದಾಸವಾಳವನ್ನು ಕಿತ್ತಿದ್ದರು.

ಆ ನೀರನ್ನು ಅವಳು ಎಲ್ಲಿ ಹೊಯ್ದಳೆಂದು ನಾನು ಕೇಳಲಿಲ್ಲ. ಬೇರೆಯವರನ್ನೂ ಕೇಳುವುದನ್ನು ಬಿಟ್ಟೆ. ಪಟ್ಟಿಯಲ್ಲಿ ಟಿಕ್ ಬೀಳುತ್ತಿತ್ತು, ಸಾಕು ಎಂದುಕೊಂಡೆ. ಬಟ್ಟೆಗಳು ಒಮ್ಮೆ ಸಾಂಬಾರಿನ ವಾಸನೆ ಹೊತ್ತು ಬಂದವು, ಒಮ್ಮೆ ಗಟ್ಟಿ ಗಂಜಿಯಿಂದ ರಟ್ಟಿನ ಹಾಗೆ ಬಂದವು. ಪಾತ್ರೆ ಒರೆಸುವಾಗ ಫಾದರ್ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ನೋಡದಂತೆ ಕೂತೆ.

ಅಕ್ಕ ಭಾನುವಾರದ ಪೂಜೆಗೆ ಬರುತ್ತಿದ್ದರು. ಮುಗಿದ ಮೇಲೆ ಬೋರ್ಡಿನ ಮುಂದೆ ನಿಂತು, ಮುಖವನ್ನು ಹಾಳೆಗೆ ಹತ್ತಿರ ಒಯ್ದು, ಬೆರಳನ್ನು ಮೇಲಿಂದ ಕೆಳಗೆ ಜಾರಿಸುತ್ತಿದ್ದರು. ಎರಡನೇ ಕ್ಲಾಸಿನವರೆಗೆ ಓದಿದವರು. ಏನು ಓದುತ್ತಾರೋ ಎಂದುಕೊಳ್ಳುತ್ತಿದ್ದೆ. ಹೋಗಿ ಕೇಳಬಹುದಾಗಿತ್ತು. ಭಾನುವಾರ ನನಗೆ ಕೆಲಸ ಬಹಳ.

ಹದಿನಾಲ್ಕು ತಿಂಗಳು ಹೀಗೆ ಕಳೆದವು. ಮೊದಲ ಸುತ್ತು ಮುಗಿಯುತ್ತ ಬಂದಿತ್ತು. ಕ್ರಿಸ್ಮಸ್ ಹತ್ತಿರವಾಗಿ ದಿನವೂ ವಿಶೇಷ ಪೂಜೆಯಿದ್ದ ಸಮಯ. ಆ ವಾರದ ಕುಟುಂಬ ಚೀಲ ತಂದುಕೊಟ್ಟಾಗ ಮನೆಯೊಡತಿ ನನ್ನ ಕಣ್ಣು ತಪ್ಪಿಸಿದಳು. ಬಿಚ್ಚಿದರೆ ಎಲ್ಲ ಬಟ್ಟೆಗಳೂ ಗುಲಾಬಿ ಬಣ್ಣ.

"ಮಷೀನಲ್ಲಿ ಮಗಂದು ಕೆಂಪು ಜೆರ್ಸಿ ಉಳ್ಕೊಂಡಿತ್ತು ಟೀಚರ್, ನೋಡ್ಲಿಲ್ಲ..."

"ಮಷೀನಿಗೆ ಯಾಕೆ ಹಾಕಿದಿರಿ? ಹಾಳೆ ಓದಲಿಲ್ಲವಾ?"

"ಒಂದೂವರೆ ಪುಟ ಟೀಚರ್," ಅಂದಳು. ಅವಳ ದನಿಯಲ್ಲಿ ತಪ್ಪೊಪ್ಪಿಗೆ ಇರಲಿಲ್ಲ. "ಆ ಅಜ್ಜಿನೇ ಚೆನ್ನಾಗಿ ಮಾಡ್ತಿದ್ರಲ್ಲ. ಅವ್ರನ್ನ ಯಾಕೆ ಬಿಡ್ಸಿದ್ರಿ?"

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಚೀಲ ಹಿಡಿದು ರಾಜೀವನಗರದ ಬಸ್ಸು ಹತ್ತಿದೆ. ಅಕ್ಕನ ಮನೆಗೆ ನಾನು ಅದುವರೆಗೆ ಹೋಗಿರಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಿ ಬರಲು ಪಟ್ಟಿಯಿತ್ತು. ನಡೆದಾಡುವವರನ್ನು ನೋಡಿ ಬರಲು ಇರಲಿಲ್ಲ. ಎರಡು ಗಲ್ಲಿ ತಪ್ಪಿ ಮೂರನೆಯದರಲ್ಲಿ ಮನೆ ಸಿಕ್ಕಿತು. ಬಾಗಿಲು ತೆರೆದೇ ಇತ್ತು. ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದರು. ತಲೆಯೆತ್ತಿದರು. ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಚೀಲವನ್ನು ನೋಡಿದರು. ಮುಖ ಅರಳಿತು.

"ಬಂತಾ ಟೀಚರಮ್ಮ? ನನ್ ಸರದಿ ಬಂತಾ?"

ನನಗೆ ಅರ್ಥವಾಗಲಿಲ್ಲ. "ಯಾವ ಸರದಿ ಅಕ್ಕ?"

"ಪಟ್ಟಿದು. ತಿಂಗ್ಳಾ ತಿಂಗ್ಳಾ ಬೋರ್ಡು ನೋಡ್ತಾನೇ ಇವ್ನಿ. ಬೇರೆ ಓದಾಕ್ ಬರ್ದಿದ್ರೂ ನನ್ ಹೆಸ್ರು ಎಂಗದೆ ಅಂತ ಗುರ್ತು ಸಿಕ್ತದೆ. ಅರವತ್ ಮನೆ ಅಂದಿದ್ರಲ್ಲ, ಮುಗೀತಾ ಬಂತಲ್ಲ, ಇನ್ ನಂದೇ ಅಂದ್ಕಂಡೆ. ಕೊನೆಗಾಕವ್ರೆ, ಆಕ್ಲಿ ಬುಡು ಅಂದ್ಕಂಡೆ."

ನಿಂತಲ್ಲೇ ಪಟ್ಟಿ ನನ್ನ ಕಣ್ಣ ಮುಂದೆ ಬಂತು. ಚರ್ಚಿನ ಕುಟುಂಬ ಕಾರ್ಡುಗಳಿಂದ ಅದನ್ನು ಮಾಡಿದ್ದೆ. ಕಾರ್ಡು ಇರುವುದು ಕುಟುಂಬಗಳಿಗೆ. ಒಂಟಿಯಾಗಿರುವವರ ಹೆಸರು ದೊಡ್ಡ ರಿಜಿಸ್ಟರಿನ ಕೊನೆಯ ಪುಟಗಳಲ್ಲಿದೆ. ಬೋಗಾದಿಯ ಪಿ.ಜಿ.ಗಳಲ್ಲಿರುವ ವಿದ್ಯಾರ್ಥಿಗಳು, ಇಲವಾಲದ ಕಡೆಯ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರು, ಇಬ್ಬರು ವಿಧವೆಯರು, ಅಕ್ಕ. ಆ ಪುಟದ ತಲೆಗೆ "ಇತರರು" ಎಂದು ಗುಂಡಗೆ ಬರೆದದ್ದು ನನ್ನದೇ ಅಕ್ಷರ. ನನ್ನ ಹೆಸರು ಅಲ್ಲಿಲ್ಲ. ನಾನೂ ಮದುವೆಯಾಗದವಳೇ, ಆದರೆ ತಮ್ಮನ ಮನೆಯಲ್ಲಿರುವುದರಿಂದ ಅವನ ಕಾರ್ಡಿನಲ್ಲಿದ್ದೇನೆ. ಅಕ್ಕನ ಸರದಿ ಕೊನೆಯಲ್ಲಿರಲಿಲ್ಲ. ಅದು ಇರಲೇ ಇಲ್ಲ. ಇನ್ನು ಎಷ್ಟು ಸುತ್ತು ಬಂದರೂ ಬರುತ್ತಿರಲಿಲ್ಲ.

ಅಲ್ಲಿ ನಿಜ ಹೇಳಬೇಕಿತ್ತು. ಮಕ್ಕಳನ್ನು ಸುಳ್ಳಿಗಾಗಿ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು.

"ಹೌದು ಅಕ್ಕ. ಬಂತು," ಅಂದೆ.

ಅವರು ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಕೈ ತೊಳೆದು, ಒರೆಸಿಕೊಂಡು ಚೀಲ ಇಸಿದುಕೊಂಡರು. ಗುಲಾಬಿ ಬಟ್ಟೆಯನ್ನು ಬೆಳಕಿಗೆ ಹಿಡಿದರು.

"ಅಯ್ಯೋ ಸ್ವಾಮಿ, ಯಾರ್ ಮನೆ ಮದ್ವೆಗ್ ಹೋಗಿತ್ತು ಇದು?"

ನಾನು ನಗಲಿಲ್ಲ. ಅವರೇ ನಕ್ಕು ಒಳಗಿನಿಂದ ಒಂದು ಸ್ಟೀಲ್ ಬಟ್ಟಲು ತಂದರು. ಹಳೆಯ ಟವೆಲಿನಲ್ಲಿ ಸುತ್ತಿಟ್ಟಿದ್ದರು. ಈ ಕೆಲಸಕ್ಕೆ ಬಿಟ್ಟರೆ ಬೇರೆಯದಕ್ಕೆ ಮುಟ್ಟದ ಬಟ್ಟಲು. ಆದರೂ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಉದ್ದನೆಯ ಬಟ್ಟೆಗಳನ್ನು ಒಂದೊಂದಾಗಿ ನೀರಿನಲ್ಲಿ ಅದ್ದಿ, ಹಿಂಡದೆ, ಎತ್ತಿ ಹಿಡಿದು ಸೋರಲು ಬಿಟ್ಟರು. ತುಟಿಯಲ್ಲಿ ಏನೋ ಜಪವಿತ್ತು.

"ನೀರು ಎಲ್ಲಿಗೆ ಹಾಕ್ತೀರಿ ಅಕ್ಕ? ಹಿತ್ತಲಲ್ಲಿ ಮಣ್ಣಿಲ್ಲ ಈಗ."

"ಗೊತ್ತು. ನೋಡ್ದೆ." ಬಾಗಿಲ ಹೊರಗೆ ಮೂಲೆಯಲ್ಲಿದ್ದ ಒಂದು ಹಳೆಯ ಪೇಂಟ್ ಬಕೆಟ್ ತೋರಿಸಿದರು. ಅಂಚಿನವರೆಗೂ ಕೆಂಪು ಮಣ್ಣು. ಗಿಡವಿರಲಿಲ್ಲ. "ನನ್ ಸರದಿ ಬಂದಾಗ ಬೇಕಾಯ್ತದೆ ಅಂತ ತುಂಬಿ ಮಡ್ಗಿದ್ದೆ."

"ಗಿಡ ಹಾಕಲಿಲ್ಲವಾ?"

"ಗಿಡ ಹಾಕುದ್ರೆ ಹುಡುಗ್ರು ಹೂ ಕೀಳಾಕ್ ಕಾಲಾಕ್ತವೆ. ಮಣ್ಣಿದ್ರೆ ಸಾಕಲ್ವಾ ಅದ್ಕೆ?"

ನೀರನ್ನು ಆ ಬಕೆಟ್ಟಿಗೆ ನಿಧಾನವಾಗಿ ಹೊಯ್ದರು. ಮಣ್ಣು ಅದನ್ನು ಹೀರಿತು. ಹದಿನಾಲ್ಕು ತಿಂಗಳಲ್ಲಿ ಆ ನೀರು ಮೊದಲ ಬಾರಿಗೆ ಮಣ್ಣು ಸೇರಿತೆಂದು ನನಗೆ ಅನ್ನಿಸಿತು. ಬೇರೆ ಮನೆಗಳಲ್ಲಿ ಎಲ್ಲಿಗೆ ಹೋಗಿರಬಹುದೆಂದು ಯೋಚಿಸಲು ಈಗಲೂ ಮನಸ್ಸು ಒಪ್ಪುವುದಿಲ್ಲ.

ಕಲೆ ಹೋಗಲು ಎರಡು ದಿನ ಬಿಸಿಲು ಬೇಕೆಂದರು. ಸೋಪು ಹಚ್ಚಿ ಬಿಸಿಲಿಗೆ ಹರವಿ, ಒಣಗದ ಹಾಗೆ ಆಗಾಗ ನೀರು ಚಿಮುಕಿಸುತ್ತ ಕೂರಬೇಕಂತೆ, ಆಸ್ಪತ್ರೆಯಲ್ಲಿ ಕಲಿತದ್ದು. ಹೊರಡುವಾಗ ಮೇಜಿನ ಮೇಲೆ ನಾಲ್ಕು ಮಡಿಕೆ ಮಾಡಿ ಹಾಸಿದ್ದ ಒಂದು ದಪ್ಪ ಬಟ್ಟೆ ಕಂಡಿತು. ಜರಿ ಅಂಚು. ನಾವು ಹೊದಿಸಿದ ಶಾಲು.

ನಾನು ನೋಡಿದ್ದನ್ನು ಅವರೂ ನೋಡಿದರು. "ಇಸ್ತ್ರಿಗೆ ಚೆನ್ನಾಗದೆ ಕಣ್ ಟೀಚರಮ್ಮ. ದಪ್ಪಕದೆ," ಅಂದರು.

ನೇರ ಚರ್ಚಿಗೆ ಹೋದೆ. ಬೋರ್ಡಿನ ಹಾಳೆಯಲ್ಲಿ ಆ ವಾರದ ಎದುರು ಬೇರೆ ಕುಟುಂಬದ ಹೆಸರಿತ್ತು. ಅದನ್ನು ಹೊಡೆದು ಮೇಲೆ ಅಕ್ಕನ ಹೆಸರನ್ನು ನೀಲಿ ಪೆನ್ನಿನಲ್ಲಿ ಬರೆದೆ. ಫಾದರಿಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ, "ನಿಮ್ಮ ಉದ್ದೇಶ ಒಳ್ಳೆಯದೇ ಇತ್ತಲ್ಲ ಟೀಚರ್," ಎಂದರು. ಇಡೀ ಪರಿಷತ್ತು ಆಮೇಲೆ ಅದೇ ಮಾತು ಹೇಳಿತು. ಒಬ್ಬರಾದರೂ ನನ್ನನ್ನು ಬೈದಿದ್ದರೆ ಊಟ ಸೇರುತ್ತಿತ್ತು.

ಶನಿವಾರ ಹತ್ತು ಗಂಟೆಗೆ ತಂದುಕೊಡಬೇಕೆಂದು ಹಾಳೆಯಲ್ಲಿತ್ತು. ಮೂವತ್ತು ವರ್ಷ ತಮಗೆ ಬಂದ ಹೊತ್ತಿಗೆ ಬರುತ್ತಿದ್ದವರು ಅಂದು ಹತ್ತಕ್ಕೆ ಸರಿಯಾಗಿ ಬಂದರು. ನಾನು ಬೀರುವಿನ ಹತ್ತಿರ ನಿಂತಿದ್ದೆ. ಕಿಟಕಿಯಿಂದ ಕಂಡಿತು: ಒಳಗೆ ಬರುವ ಮೊದಲು ಬೋರ್ಡಿನ ಮುಂದೆ ನಿಂತರು, ಮುಖ ಹತ್ತಿರ ಒಯ್ದರು, ಬೆರಳು ಜಾರಿಸಿದರು. ಬೆರಳು ಒಂದು ಕಡೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

ಒಳಗೆ ಬಂದು ಚೀಲ ಕೊಟ್ಟರು. ಬಟ್ಟೆಗಳು ಹಾಲಿನಂತಿದ್ದವು. ಒಂದೊಂದರ ಒಂಬತ್ತು ಮನೆಗಳೂ ಅಳೆದು ಮಡಚಿದಂತೆ ಸಮವಾಗಿದ್ದವು.

"ಪೆನ್ನಲ್ಲಿ ಬರ್ದಿದ್ದೀರಿ," ಅಂದರು.

ನಾನು ಬಟ್ಟೆಗಳನ್ನು ಎಣಿಸತೊಡಗಿದೆ.

"ಬಾಕಿಯೋರ್ದೆಲ್ಲ ಪ್ರಿಂಟಲ್ಲದೆ. ನಂದು ಇರ್ಲಿಲ್ಲ ಅಲ್ವಾ?"

"ಇರಲಿಲ್ಲ ಅಕ್ಕ. ತಪ್ಪಾಯ್ತು."

"ನೀವು ಕಲೆ ತೆಗ್ಸಕ್ ಬಂದಿದ್ರಿ. ಸರದಿ ಕೊಡಾಕಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. "ಬಾಗ್ಲಲ್ಲೇ ಅಂಗ್ ಹೇಳಿದ್ರೂ ಒಗ್ದು ಕೊಡ್ತಿದ್ದೆ. ಒಗ್ಯದು ಒಗ್ಯದೇ."

ನಾನು ಗೊಂಚಲಿನಿಂದ ಬೀರುವಿನ ಬೀಗದ ಕೈ ಬಿಡಿಸಿ ಮುಂದೆ ಹಿಡಿದೆ. "ಇನ್ನು ಮೇಲೆ ನೀವೇ ನೋಡಿಕೊಳ್ಳಿ ಅಕ್ಕ. ಮೊದಲಿನ ಹಾಗೇ. ಪ್ರತಿ ವಾರ. ಪಟ್ಟಿ ತೆಗೆದುಬಿಡ್ತೀನಿ."

ಅವರು ಬೀಗದ ಕೈಗೆ ಅಂಟಿಸಿದ್ದ ಚೀಟಿ ನೋಡಿದರು. ಕೈ ಚಾಚಲಿಲ್ಲ.

"ಬ್ಯಾಡಿ. ಎಲ್ಲರ್ಗೂ ಒಂದೇ ರೂಲು ಅಂದೋರು ನೀವೇ. ನನ್ ವಾರ ನಾನ್ ಮಾಡ್ದೆ. ಮುಂದಿನೋರ್ ಯಾರೋ ಅವ್ರಿಗ್ ಕೊಡಿ."

"ಅಕ್ಕ, ಅವರಿಗೆ ಬರಲ್ಲ. ನಿಮಗೇ ಗೊತ್ತಲ್ಲ."

"ಬರ್ದಿದ್ರೆ ಕಲ್ತ್ಕತಾರೆ. ಬರ್ಕೊಟ್ಟಿದ್ದೀರಲ್ಲ." ಬಾಗಿಲ ಹತ್ತಿರ ಹೋದವರು ತಿರುಗಿದರು. "ಆ ಮಣ್ಣಿನ್ ಬಕೆಟ್ಟು ಗೇಟ್ ಪಕ್ಕ ಮಡ್ಗಿವ್ನಿ ಕಣ್ರೀ. ಆಟೋದಲ್ಲಿ ತಂದೆ. ನೀರು ಅಲ್ಲಿಗ್ ಹುಯ್ಯಾಕ್ ಹೇಳಿ. ಸ್ಕೂಟ್ರು ತಾಗ್ದಂಗ್ ನೋಡ್ಕಳಿ."

ಅವರು ಹೋದರು. ಬೀಗದ ಕೈ ನನ್ನ ಕೈಯಲ್ಲೇ ಉಳಿಯಿತು. ಬಟ್ಟೆಗಳನ್ನು ಬೀರುವಿಗೆ ಜೋಡಿಸಿ, ಬೀಗ ಹಾಕಿ, ಬೋರ್ಡಿನ ಹತ್ತಿರ ಹೋದೆ. ನೀಲಿ ಶಾಯಿಯ ಹೆಸರಿನ ಎದುರು ಬೆರಳು ಒತ್ತಿದ ಗುರುತು ಹಾಳೆಯಲ್ಲಿ ಸಣ್ಣಗೆ ಕಾಣುತ್ತಿತ್ತು. ಪೆನ್ನು ತೆಗೆದು ಅದರ ಪಕ್ಕದಲ್ಲಿ ಟಿಕ್ ಹಾಕಿದೆ.